4130 ರಾಮಾನುಜನ್: ಕಂಡ ರಾತ್ರಿಯಿಂದ ಹೆಸರು ಬೀಳುವ ತನಕ

'ನಮ್ಮ ಶಾಲೆಯ ಮಕ್ಕಳಿಂದ ಕ್ಷುದ್ರಗ್ರಹ ಪತ್ತೆ' ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅದರ ಹಿಂದೆಯೇ 'ಇನ್ನೇನು ಹೆಸರಿಡುವುದೊಂದೇ ಬಾಕಿ' ಎಂಬ ಸಾಲೂ ಇರುತ್ತದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಬಹಳ ಅವಸರದ ಮಾತು. ಮಕ್ಕಳು ಮಾಡಿರುವುದು ಒಂದು ರಾತ್ರಿಯ ನಾಲ್ಕು ಚಿತ್ರಗಳಲ್ಲಿ ಜಾಗ ಬದಲಿಸಿದ ಚುಕ್ಕೆಯೊಂದನ್ನು ಗುರುತಿಸಿ, ಅಳತೆ ಮಾಡಿ, ವರದಿ ಕಳಿಸುವ ಕೆಲಸ. ಒಳ್ಳೆಯ ಕೆಲಸವೇ. ಆದರೆ ಅಲ್ಲಿಂದ ಹೆಸರಿನ ತನಕ ಇರುವ ದಾರಿಯಲ್ಲಿ ನೋಡುವುದರ ಪಾಲು ಕಡಿಮೆ, ಕಕ್ಷೆ ಗಟ್ಟಿ ಮಾಡುವುದರ ಪಾಲೇ ಹೆಚ್ಚು.

ನಮಗೆ ಹತ್ತಿರದ ಉದಾಹರಣೆಯನ್ನೇ ನೋಡೋಣ. ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರಿನಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೈನು ಬಾಪು ವೀಕ್ಷಣಾಲಯವಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ 45 ಸೆಂ.ಮೀ. ಶ್ಮಿಟ್ ದೂರದರ್ಶಕದಿಂದ 'ಕಲ್ಕಿ' ಎಂಬ ಹೆಸರಿನಲ್ಲಿ ಕ್ಷುದ್ರಗ್ರಹಗಳ ಹುಡುಕಾಟ ನಡೆಯಿತು. 1988ರ ಫೆಬ್ರವರಿ 17ರಂದು ಆರ್. ರಾಜಮೋಹನ್ ಅವರಿಗೆ ಸಿಕ್ಕಿದ್ದೇ ಇಂದಿನ 4130 ರಾಮಾನುಜನ್. ಕಾವಲೂರಿನ ಈ ಹುಡುಕಾಟಕ್ಕೂ ಹಿಂದೆ ಭಾರತದ ನೆಲದಿಂದ ಕ್ಷುದ್ರಗ್ರಹ ಸಿಕ್ಕಿದ್ದು 1885ರಲ್ಲಿ. ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಆಗ 245 ವೆರಾವನ್ನು ಕಂಡಿದ್ದ. ಇದೇ ಪಾಗ್ಸನ್ 1861ರ ಏಪ್ರಿಲ್ 17ರಂದು ಅಲ್ಲಿಂದಲೇ ಕಂಡ ಇನ್ನೊಂದಕ್ಕೆ '67 ಏಷ್ಯಾ' ಎಂದು ಹೆಸರಿಟ್ಟಿದ್ದ. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಅಂದರೆ 1885ಕ್ಕೂ 1988ಕ್ಕೂ ನಡುವೆ ನೂರು ವರ್ಷ ಮಿಕ್ಕಿದ ಖಾಲಿ.

ಕಾವಲೂರಿನ ಪಟ್ಟಿಯಲ್ಲಿ ಒಂದು ಸೋಜಿಗವಿದೆ. ಸಂಸ್ಥೆಯ ನಿರ್ದೇಶಕರಾಗಿದ್ದ ಜೆ.ಸಿ. ಭಟ್ಟಾಚಾರ್ಯರ ಹೆಸರಿನ ಕ್ಷುದ್ರಗ್ರಹ ಅದೇ ವರ್ಷದ ಜನವರಿಯಲ್ಲೇ, ಅಂದರೆ ರಾಮಾನುಜನ್‌ಗಿಂತ ಮೊದಲೇ ಕಂಡಿತ್ತು. ಆದರೆ ಅದರ ಸಂಖ್ಯೆ 8348. ಮೊದಲು ಸಿಕ್ಕಿದ್ದಕ್ಕೆ ದೊಡ್ಡ ಸಂಖ್ಯೆ, ಆಮೇಲೆ ಸಿಕ್ಕಿದ್ದಕ್ಕೆ ಚಿಕ್ಕದು. ಸಂಖ್ಯೆ ಕೊಡುವುದು ಕಂಡ ದಿನದ ಸರದಿಯಲ್ಲಲ್ಲ, ಕಕ್ಷೆ ಖಚಿತವಾದ ಸರದಿಯಲ್ಲಿ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಈಗ ಆಕಾಶಕ್ಕೆ ಬರೋಣ. ಮುಖ್ಯ ಪಟ್ಟಿಯ, ಅಂದರೆ ಮಂಗಳ-ಗುರು ಗ್ರಹಗಳ ಕಕ್ಷೆಗಳ ನಡುವಿನ ಕ್ಷುದ್ರಗ್ರಹ ಸೂರ್ಯನಿಂದ ಸುಮಾರು 2.7 ಖಗೋಳಮಾನ ದೂರದಲ್ಲಿದೆ ಎಂದುಕೊಳ್ಳಿ (ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವೇ ಒಂದು ಖಗೋಳಮಾನ). ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬಂದಾಗ ಭೂಮಿ ಅದನ್ನು ಒಳಗಿನ ಪಥದಲ್ಲಿ ಹಿಂದೆ ಹಾಕುತ್ತಿರುತ್ತದೆ. ಹಾಗಾಗಿ ಅದು ನಕ್ಷತ್ರಗಳ ನಡುವೆ ಪಶ್ಚಿಮಕ್ಕೆ, ಗಂಟೆಗೆ ಸುಮಾರು 34 ಆರ್ಕ್‌ಸೆಕೆಂಡ್ ಜರುಗಿದಂತೆ ಕಾಣುತ್ತದೆ. ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್. ಅಷ್ಟು ದೂರ ಸರಿಯಲು ಎರಡು ದಿನದ ಮೇಲೆ ಬೇಕು. ಗುರುವಿನ ಕಕ್ಷೆಯಲ್ಲಿರುವ ಟ್ರೋಜನ್‌ಗಳಾದರೆ ಗಂಟೆಗೆ 20ರ ಆಸುಪಾಸು. ನಿಮಿಷಕ್ಕೇ ಹಲವು ಆರ್ಕ್‌ಸೆಕೆಂಡ್ ಓಡುತ್ತಿದ್ದರೆ ಅದು ಭೂಮಿಯ ಸಮೀಪ ಬರುವ ಜಾತಿ, ಅದಕ್ಕೆ ಬೇರೆಯೇ ತುರ್ತು ವ್ಯವಸ್ಥೆ ಇದೆ. ಹೀಗೆ ವೇಗ ನೋಡಿಯೇ ಸರಕು ಯಾವುದೆಂದು ಸ್ಥೂಲವಾಗಿ ಹೇಳಬಹುದು.

ಎದುರು ದಿಕ್ಕಿನಲ್ಲೇ ಹುಡುಕುವುದಕ್ಕೆ ಇನ್ನೊಂದು ಕಾರಣ, ಆಗ ಅದು ಹತ್ತಿರವೂ ಹೌದು, ಪೂರ್ತಿ ಬೆಳಗಿರುವುದೂ ಹೌದು. ಆಕಾಶದಲ್ಲಿ ಸೂರ್ಯ ವರ್ಷವಿಡೀ ಸಾಗುವಂತೆ ಕಾಣುವ ದಾರಿ ಕ್ರಾಂತಿವೃತ್ತ; ನಡುರಾತ್ರಿಗೆ ನೆತ್ತಿಯ ಬಳಿ ಬರುವ ಅದರ ಭಾಗವೇ ಆ ಜಾಗ. ದಕ್ಷಿಣ ಭಾರತದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಕಾಲ ಫೆಬ್ರವರಿಯಿಂದ ಏಪ್ರಿಲ್. ಆಗ ಎದುರಿರುವುದು ಸಿಂಹ, ಕನ್ಯಾ ನಕ್ಷತ್ರಪುಂಜಗಳು. ಕ್ಷೀರಪಥ ದೂರ, ಚುಕ್ಕೆಗಳ ಸಂದಣಿ ಕಡಿಮೆ, ಮೋಡವೂ ಕಡಿಮೆ. ಜೂನ್-ಜುಲೈನಲ್ಲಿ ವೃಶ್ಚಿಕ, ಧನು ರಾಶಿಗಳ ಕಡೆ ಕ್ಷೀರಪಥದ ನಟ್ಟನಡುವೆ ಹುಡುಕಬೇಕು; ಮಳೆಗಾಲ ಅದಕ್ಕೂ ಅವಕಾಶ ಕೊಡುವುದಿಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕುಂಭ, ಮೀನ ಚೆನ್ನಾಗಿಯೇ ಇರುತ್ತವೆ, ಆಕಾಶ ಬಿಡುವು ಕೊಟ್ಟರೆ. ಚಂದ್ರನಂತೂ ಇರಲೇಬಾರದು. 1988ರ ಫೆಬ್ರವರಿ 17 ಶಿವರಾತ್ರಿ ಕಳೆದ ಬೆನ್ನಿಗೇ ಬಂದ ಅಮಾವಾಸ್ಯೆ ಎಂಬುದು ಕಾಕತಾಳೀಯವಲ್ಲ. ಕತ್ತಲ ಪಕ್ಷದಲ್ಲೇ ಇಂಥ ಹುಡುಕಾಟದ ರಾತ್ರಿಗಳನ್ನು ಹಂಚುವುದು.

ಅಂದು ಫೋಟೋ ಪ್ಲೇಟು, ಫಿಲಂಗಳ ಕಾಲ. ಒಂದೇ ಜಾಗವನ್ನು ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ತೆಗೆದು, ಜೋಡಿಯನ್ನು ಹೋಲಿಸಿ ಜರುಗಿದ ಚುಕ್ಕೆ ಹಿಡಿಯಬೇಕಿತ್ತು. ಇಂದು ಕ್ಯಾಮೆರಾ ಸೆನ್ಸರ್ ಬಂದಿದೆ, ಉಪಾಯ ಮಾತ್ರ ಅದೇ: ಒಂದೇ ಜಾಗದ ಮೂರು-ನಾಲ್ಕು ಚಿತ್ರ, ನಡುವೆ 10ರಿಂದ 20 ನಿಮಿಷ ಅಂತರ, ಆಮೇಲೆ ಪರದೆಯ ಮೇಲೆ ಒಂದರ ಹಿಂದೊಂದು ಮಿಟುಕಿಸಿ ನೋಡುವುದು.

ಸ್ವಂತ ದೂರದರ್ಶಕದಿಂದ ಮಾಡುವವರು ಮೊದಲು ಪಿಕ್ಸೆಲ್ ಲೆಕ್ಕ ಹಾಕಿಕೊಳ್ಳಬೇಕು. ಪಿಕ್ಸೆಲ್‌ನ ಅಗಲವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಉದ್ದದ ಮಿಲಿಮೀಟರ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಎಷ್ಟು ಆರ್ಕ್‌ಸೆಕೆಂಡ್ ಎಂದು ಸಿಗುತ್ತದೆ. 3.76 ಮೈಕ್ರಾನ್ ಪಿಕ್ಸೆಲ್, 800 ಮಿ.ಮೀ. ಫೋಕಲ್ ಉದ್ದವಿದ್ದರೆ 0.97. ನಮ್ಮ ಊರುಗಳ ಕದಡಿದ ಗಾಳಿಯಲ್ಲಿ ನಕ್ಷತ್ರ 3 ಆರ್ಕ್‌ಸೆಕೆಂಡ್ ಅಗಲಕ್ಕೆ ಹರಡಿಕೊಳ್ಳುವುದು ಮಾಮೂಲು. ಆ ಅಗಲ ಎರಡು-ಮೂರು ಪಿಕ್ಸೆಲ್‌ಗಳಿಗೆ ಹಂಚಿದರೆ ಅಳತೆ ಚೆನ್ನಾಗಿ ಬರುತ್ತದೆ. ಒಂದೇ ಪಿಕ್ಸೆಲ್‌ನಲ್ಲಿ ಅಡಗಿಬಿಟ್ಟರೆ ಕೇಂದ್ರ ಎಲ್ಲಿದೆ ಎಂದು ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಹತ್ತು ಪಿಕ್ಸೆಲ್‌ಗೆ ಹರಡಿದರೆ ಮಂಕು ಚುಕ್ಕೆ ಗದ್ದಲದಲ್ಲಿ ಕರಗಿಹೋಗುತ್ತದೆ.

ಒಂದೇ ಎಕ್ಸ್‌ಪೋಷರನ್ನು ಉದ್ದ ಮಾಡಿದಷ್ಟೂ ಮಂಕಾದದ್ದು ಸಿಗುತ್ತದೆ ಎಂಬುದು ಇಲ್ಲಿ ನಡೆಯುವುದಿಲ್ಲ. ಐದು ನಿಮಿಷದಲ್ಲಿ ಚುಕ್ಕೆ 3 ಆರ್ಕ್‌ಸೆಕೆಂಡ್ ಜರುಗಿರುತ್ತದೆ, ಅಂದರೆ ತನ್ನ ಅಗಲದಷ್ಟೇ. ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಬೆಳಕು ಗೆರೆಯಾಗಿ ಹರಡುತ್ತದೆಯೇ ಹೊರತು ಒಂದೆಡೆ ಕೂಡುವುದಿಲ್ಲ. ಆದ್ದರಿಂದ 30ರಿಂದ 60 ಸೆಕೆಂಡಿನ ಹಲವಾರು ಚಿತ್ರ ತೆಗೆದು, ಕ್ಷುದ್ರಗ್ರಹದ ವೇಗಕ್ಕೆ ಸರಿಯಾಗಿ ಒಂದೊಂದನ್ನೂ ಜರುಗಿಸಿ ಪೇರಿಸುತ್ತಾರೆ. ಆಗ ಚುಕ್ಕೆ ದುಂಡಗಿರುತ್ತದೆ, ನಕ್ಷತ್ರಗಳು ಗೆರೆಯಾಗುತ್ತವೆ.

ಅತಿ ಹೆಚ್ಚು ವರದಿಗಳು ಹಾಳಾಗುವುದು ಗಡಿಯಾರದಿಂದ. ಕಂಪ್ಯೂಟರನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸದೆ ಬಿಟ್ಟರೆ ವಾರದಲ್ಲಿ ಹತ್ತಾರು ಸೆಕೆಂಡ್ ಹಿಂದೆ ಮುಂದೆ ಆಗಿರುತ್ತದೆ. ವರದಿಯಲ್ಲಿ ಬರೆಯಬೇಕಾದದ್ದು ಎಕ್ಸ್‌ಪೋಷರ್‌ನ ನಡುವಿನ ಕ್ಷಣ. ಫೈಲಿನಲ್ಲಿ ದಾಖಲಾಗುವುದು ಸಾಮಾನ್ಯವಾಗಿ ಶುರುವಾದ ಕ್ಷಣ. ತಂತ್ರಾಂಶಕ್ಕೆ ಅದು ಯಾವುದೆಂದು ಸೆಟ್ಟಿಂಗ್‌ನಲ್ಲಿ ಹೇಳದಿದ್ದರೆ 60 ಸೆಕೆಂಡಿನ ಚಿತ್ರದಲ್ಲಿ ಅರ್ಧ ನಿಮಿಷದ, ಅಂದರೆ 0.28 ಆರ್ಕ್‌ಸೆಕೆಂಡಿನ ತಪ್ಪು ಎಲ್ಲ ಅಳತೆಗೂ ಒಂದೇ ದಿಕ್ಕಿನಲ್ಲಿ ಸೇರಿಕೊಳ್ಳುತ್ತದೆ. ಇದಕ್ಕಿಂತ ದೊಡ್ಡದು ನಮ್ಮ ದೇಶದ್ದೇ ಆದ ಎಡವಟ್ಟು: ಭಾರತೀಯ ಕಾಲಮಾನವನ್ನೇ ಹಾಕಿ ಕಳಿಸುವುದು. ವರದಿಗೆ ಬೇಕಾದದ್ದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಕಾಲ. ಐದೂವರೆ ಗಂಟೆಗೆ ಚುಕ್ಕೆ 187 ಆರ್ಕ್‌ಸೆಕೆಂಡ್ ಸರಿದಿರುತ್ತದೆ, ಅಷ್ಟಾದರೆ ವರದಿ ಯಾವ ವಸ್ತುವಿಗೂ ಹೊಂದುವುದಿಲ್ಲ. ಗಂಟೆಯನ್ನು ಸರಿಯಾಗಿ ಕಳೆದು ತಾರೀಖನ್ನು ಹಿಂದಕ್ಕೆ ತರಲು ಮರೆಯುವುದೂ ಉಂಟು. ನಮ್ಮ ನಡುರಾತ್ರಿಯಿಂದ ಬೆಳಗಿನ ಐದೂವರೆ ತನಕ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ. ಸಮಯವನ್ನು ದಿನದ ದಶಾಂಶವಾಗಿ ಐದು ಸ್ಥಾನಗಳವರೆಗೆ ಬರೆಯುತ್ತಾರೆ. ಕೊನೆಯ ಸ್ಥಾನದ ಬೆಲೆ 0.86 ಸೆಕೆಂಡ್.

ಚಿತ್ರ ಅಳೆಯಲು ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಆಸ್ಟ್ರಿಯಾದ ಹರ್ಬರ್ಟ್ ರಾಬ್ ಬರೆದ ಆಸ್ಟ್ರೋಮೆಟ್ರಿಕಾ. ಶಾಲಾ ಮಕ್ಕಳ ಹುಡುಕಾಟಗಳಲ್ಲೂ ಅದೇ. ಅಮೆರಿಕದ ಟೆಕ್ಸಾಸ್‌ನಿಂದ ನಡೆಯುವ ಐಎಎಸ್‌ಸಿ ಎಂಬ ಕಾರ್ಯಕ್ರಮ ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ತಂಡಗಳಿಗೆ ಹಂಚುತ್ತದೆ. ತಂತ್ರಾಂಶ ಚಿತ್ರದಲ್ಲಿನ ನಕ್ಷತ್ರಗಳನ್ನು ಯುರೋಪಿನ ಗಾಯಾ ಉಪಗ್ರಹ ಅಳೆದ ಪಟ್ಟಿಯ ನಕ್ಷತ್ರಗಳಿಗೆ ಹೊಂದಿಸಿ, ಚುಕ್ಕೆಯ ಸ್ಥಾನ ಹೇಳುತ್ತದೆ. ಹೊಂದಾಣಿಕೆಯ ಸರಾಸರಿ ದೋಷ 0.1ರಿಂದ 0.3 ಆರ್ಕ್‌ಸೆಕೆಂಡ್ ಒಳಗಿದ್ದರೆ ಸರಿ. ಒಂದರ ಹತ್ತಿರ ಬಂದರೆ ಎಲ್ಲೋ ಫೋಕಲ್ ಉದ್ದವೋ, ಚಿತ್ರ ತಲೆಕೆಳಗಾದದ್ದೋ, ಪಕ್ಕದ ನಕ್ಷತ್ರಕ್ಕೆ ಜೋಡಿಸಿದ್ದೋ ಇದೆ ಎಂದು ತಿಳಿಯಬೇಕು.

ಕಣ್ಣಿಗೆ ಮೋಸ ಮಾಡುವ ಚುಕ್ಕೆಗಳು ಬಹಳ. ಕಾಸ್ಮಿಕ್ ಕಿರಣ ಒಂದೇ ಚಿತ್ರದಲ್ಲಿದ್ದು ಮಾಯವಾಗುತ್ತದೆ, ಅದನ್ನು ಹಿಡಿಯುವುದು ಸುಲಭ. ಹಾಟ್ ಪಿಕ್ಸೆಲ್‌ನದ್ದು ಬೇರೆ ಕಥೆ. ಬೆಳಕು ಬೀಳದಿದ್ದರೂ ಹೊಳೆಯುವ ಕೆಟ್ಟ ಪಿಕ್ಸೆಲ್ ಅದು. ಸೆನ್ಸರ್‌ನಲ್ಲಿ ಇದ್ದಲ್ಲೇ ಇರುತ್ತದೆ, ನಿಜ. ಆದರೆ ದೂರದರ್ಶಕದ ಆಸರೆ ರಾತ್ರಿಯಿಡೀ ಒಂದೇ ಕಡೆಗೆ ಚೂರುಚೂರೇ ಜಾರುತ್ತಿದ್ದರೆ, ನಕ್ಷತ್ರಗಳನ್ನು ಒಂದಕ್ಕೊಂದು ಹೊಂದಿಸಿದ ಮೇಲೆ ಹಾಟ್ ಪಿಕ್ಸೆಲ್ಲೇ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ನಡೆದಂತೆ ಕಾಣುತ್ತದೆ. ಥೇಟ್ ಕ್ಷುದ್ರಗ್ರಹ. ಎರಡು ಪರೀಕ್ಷೆ ಸಾಕು. ಅದೇ ವೇಗ, ಅದೇ ದಿಕ್ಕಿನಲ್ಲಿ ಇನ್ನೂ ನಾಲ್ಕಾರು ಚುಕ್ಕೆ ಓಡುತ್ತಿವೆಯೇ ನೋಡಿ. ಚುಕ್ಕೆಯ ಅಗಲ ಅಕ್ಕಪಕ್ಕದ ನಕ್ಷತ್ರಗಳಿಗಿಂತ ತೀರ ಕಿರಿದೇ ನೋಡಿ. ಗಾಳಿಯನ್ನು ಹಾದು ಬಂದ ಬೆಳಕು ನಕ್ಷತ್ರದಷ್ಟೇ ಹರಡಿರಬೇಕು. ಉಳಿದಂತೆ, ಚುಕ್ಕೆ ನಾಲ್ಕರಲ್ಲಿ ಮೂರಾದರೂ ಚಿತ್ರಗಳಲ್ಲಿರಬೇಕು, ಸಮಯಕ್ಕೆ ತಕ್ಕ ದೂರ ಸರಿದಿರಬೇಕು, ಹೊಳಪು ಹೆಚ್ಚುಕಮ್ಮಿ ಒಂದೇ ಆಗಿರಬೇಕು.

ದೊಡ್ಡವರೂ ಇಲ್ಲಿ ಬಿದ್ದಿದ್ದಾರೆ. 1892ರಲ್ಲಿ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ವುಲ್ಫ್ ವರದಿ ಮಾಡಿದ ಒಂದಕ್ಕೆ 330 ಎಂಬ ಸಂಖ್ಯೆ, ಅಡಲ್ಬರ್ಟಾ ಎಂಬ ಹೆಸರು ಎರಡೂ ಬಿದ್ದವು. ಆಮೇಲೆ ಅದು ಯಾರಿಗೂ ಕಾಣಲಿಲ್ಲ. ತೊಂಬತ್ತು ವರ್ಷ ಕಳೆದು ಪ್ಲೇಟುಗಳನ್ನು ಮತ್ತೆ ಪರಿಶೀಲಿಸಿದಾಗ ತಿಳಿದದ್ದು, ಅಳೆದಿದ್ದು ಕ್ಷುದ್ರಗ್ರಹವನ್ನೇ ಅಲ್ಲ, ನಕ್ಷತ್ರಗಳನ್ನು. ಸಂಖ್ಯೆ, ಹೆಸರು ಎರಡನ್ನೂ 1910ರಲ್ಲಿ ಕಂಡ ಬೇರೊಂದಕ್ಕೆ ದಾಟಿಸಿ ಲೆಕ್ಕ ಸರಿಮಾಡಿದರು.

ಅಳತೆಯಾದ ಮೇಲೆ, ಜಗತ್ತಿನ ಕ್ಷುದ್ರಗ್ರಹ ಅಳತೆಗಳನ್ನೆಲ್ಲ ಕಲೆಹಾಕುವ, ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳಿಸಬೇಕು. ಅದಕ್ಕೂ ಮೊದಲು ಅವರದೇ ಹುಡುಕು ಪುಟದಲ್ಲಿ ಆ ಕ್ಷಣಕ್ಕೆ ಆ ಜಾಗದಲ್ಲಿ ಈಗಾಗಲೇ ಗೊತ್ತಿರುವುದು ಇದೆಯೇ ನೋಡಿಕೊಳ್ಳುವುದು ಕಡ್ಡಾಯ ಎಂದೇ ತಿಳಿಯಿರಿ. 13 ಲಕ್ಷಕ್ಕೂ ಹೆಚ್ಚು ಪಟ್ಟಿಯಲ್ಲಿರುವಾಗ, 'ಹೊಸದು' ಎಂದು ಕುಣಿದದ್ದು ಹಳೆಯದೇ ಆಗಿರುವ ಸಂಭವವೇ ಹೆಚ್ಚು. ಕಳಿಸುವ ವೀಕ್ಷಣಾಲಯಕ್ಕೆ ಮೂರಕ್ಷರದ ಸಂಕೇತ ಇರಬೇಕು, ಕಾವಲೂರಿನದು 220. ಹೊಸ ಸಂಕೇತ ಬೇಕಿದ್ದರೆ ಕಕ್ಷೆ ಚೆನ್ನಾಗಿ ಗೊತ್ತಿರುವ ಐದಾರು ಸಂಖ್ಯೆಯುಳ್ಳ ಕ್ಷುದ್ರಗ್ರಹಗಳನ್ನು ಕನಿಷ್ಠ ಎರಡು ರಾತ್ರಿ ಅಳೆದು ತೋರಿಸಬೇಕು. ಗಡಿಯಾರ, ಅಕ್ಷಾಂಶ-ರೇಖಾಂಶ ಸರಿ ಇವೆಯೇ ಎಂದು ಇದರಿಂದಲೇ ಗೊತ್ತಾಗುತ್ತದೆ.

ಒಂದೇ ರಾತ್ರಿಯ ವರದಿಗೆ ಬೆಲೆ ಏಕೆ ಕಡಿಮೆ? ಅರ್ಧ ಗಂಟೆಯಲ್ಲಿ ನಾಲ್ಕು ಅಳತೆ, ಪ್ರತಿಯೊಂದರಲ್ಲೂ 0.3 ಆರ್ಕ್‌ಸೆಕೆಂಡ್ ತಪ್ಪಿದೆ ಎನ್ನಿ. ಅದರಿಂದ ತೆಗೆದ ವೇಗದಲ್ಲಿ ಗಂಟೆಗೆ 0.8ರಷ್ಟು ಅನಿಶ್ಚಿತತೆ. ಮರುದಿನಕ್ಕೆ ಅದು 20 ಆರ್ಕ್‌ಸೆಕೆಂಡ್, ಹುಡುಕಿದರೆ ಸಿಗುತ್ತದೆ. ವಾರಕ್ಕೆ 120 ಆರ್ಕ್‌ಸೆಕೆಂಡ್, ಅಂದರೆ ಎರಡು ಆರ್ಕ್‌ನಿಮಿಷ ದಾಟುತ್ತದೆ, ಜೊತೆಗೆ ಪಥದ ಬಾಗು ಎಷ್ಟೆಂದು ಗೊತ್ತೇ ಇರುವುದಿಲ್ಲ. ತಿಂಗಳು ಬಿಟ್ಟರೆ ಮುಗಿಯಿತು, ಆ ಜಾಗದಲ್ಲಿರುವ ನೂರಾರು ಚುಕ್ಕೆಗಳಲ್ಲಿ ನಿಮ್ಮದು ಯಾವುದೆಂದು ಹೇಳಲಾಗದು. ಆದ್ದರಿಂದ ಮರುದಿನವೇ ಮತ್ತೆ ಹಿಡಿಯುವುದು ಜಾಣತನ. ಮೋಡದ ಭಯವಿದ್ದರೆ ಮೊದಲ ರಾತ್ರಿಯೇ ಅರ್ಧ ಗಂಟೆಯ ಬದಲು ಒಂದು ಗಂಟೆ ಹಿಂಬಾಲಿಸಿ, ವೇಗದ ತಪ್ಪು ಅರ್ಧಕ್ಕಿಳಿಯುತ್ತದೆ.

ಎರಡು ರಾತ್ರಿಗಳ ಅಳತೆ ಒಂದಕ್ಕೊಂದು ಹೊಂದಿದಾಗ ತಾತ್ಕಾಲಿಕ ಗುರುತು ಸಿಗುತ್ತದೆ. ರಾಮಾನುಜನ್‌ನದು 1988 ಡಿ ಕ್ಯೂ 1. ಓದುವುದು ಹೀಗೆ: ವರ್ಷದ ನಂತರದ ಮೊದಲ ಇಂಗ್ಲಿಷ್ ಅಕ್ಷರ ಯಾವ ತಿಂಗಳ ಯಾವ ಅರ್ಧ ಎಂದು ಹೇಳುತ್ತದೆ, ಜನವರಿ 1ರಿಂದ 15 'ಎ', 16ರಿಂದ 31 'ಬಿ'. 'ಡಿ' ಎಂದರೆ ಫೆಬ್ರವರಿ ಎರಡನೆಯ ಅರ್ಧ. ಎರಡನೆಯ ಅಕ್ಷರ ಆ ಅರ್ಧದಲ್ಲಿನ ಕ್ರಮಸಂಖ್ಯೆ. ಅಂಕಿ '1'ರ ಗೊಂದಲ ಬೇಡವೆಂದು 'ಐ' ಬಿಟ್ಟು 25 ಅಕ್ಷರ. 'ಕ್ಯೂ' 16ನೆಯದು. ಕೊನೆಯ ಅಂಕಿ ಆ 25 ಅಕ್ಷರ ಎಷ್ಟು ಸುತ್ತು ಮುಗಿದಿದೆ ಎಂದು ಹೇಳುತ್ತದೆ. ಒಂದು ಸುತ್ತು 25, ಅದಕ್ಕೆ 16 ಸೇರಿಸಿದರೆ 41. ಆ ಅರ್ಧ ತಿಂಗಳ 41ನೆಯ ವಸ್ತು. ಇಂದು ಕೊನೆಯ ಅಂಕಿ ನೂರು ದಾಟುವುದು ಸಾಮಾನ್ಯ. 200 ಇದ್ದರೆ ಹದಿನೈದು ದಿನದಲ್ಲಿ ಐದು ಸಾವಿರದ ಮೇಲೆ ಎಂದರ್ಥ.

ಇಲ್ಲಿಂದ ಕಾಯುವ ಕೆಲಸ. ಸಂಖ್ಯೆ ಸಿಗಬೇಕಾದರೆ ಮುಖ್ಯ ಪಟ್ಟಿಯ ಕ್ಷುದ್ರಗ್ರಹವನ್ನು ಸಾಮಾನ್ಯವಾಗಿ ಸೂರ್ಯನಿಗೆ ಎದುರು ಬಂದ ನಾಲ್ಕು ಸರದಿಗಳಲ್ಲಾದರೂ ನೋಡಿರಬೇಕು. ಒಂದು ಸರದಿಯಿಂದ ಇನ್ನೊಂದಕ್ಕೆ ಸುಮಾರು ಹದಿನೈದೂವರೆ ತಿಂಗಳು. ಒಂದನ್ನೂ ತಪ್ಪಿಸದಿದ್ದರೂ ನಾಲ್ಕು ವರ್ಷದ ಹತ್ತಿರ ಹೋಗುತ್ತದೆ. ತಪ್ಪುವುದಕ್ಕೆ ಗಟ್ಟಿ ಕಾರಣವೇ ಇದೆ: ಕಕ್ಷೆ ದುಂಡಗಿರುವುದಿಲ್ಲ, ಮತ್ತು ಹೊಸದು ಕಣ್ಣಿಗೆ ಬೀಳುವುದು ಅದು ಹತ್ತಿರವಿರುವ ಸರದಿಯಲ್ಲೇ. 2.7 ಖಗೋಳಮಾನದ ಕಕ್ಷೆಗೆ 0.2 ಉತ್ಕೇಂದ್ರತೆ (ಕಕ್ಷೆ ದುಂಡಗಿನಿಂದ ಎಷ್ಟು ಸರಿದಿದೆ ಎಂಬ ಅಳತೆ) ಇದ್ದರೆ ಹತ್ತಿರದ ಸರದಿಗೂ ದೂರದ ಸರದಿಗೂ ಹೊಳಪಿನಲ್ಲಿ 2.3 ಕಾಂತಿಮಾನದ ವ್ಯತ್ಯಾಸ. ಒಂದು ಕಾಂತಿಮಾನಕ್ಕೆ 2.512 ಪಟ್ಟು ಎಂದು 1856ರಲ್ಲಿ ಗೊತ್ತುಮಾಡಿದ್ದು ಮೇಲೆ ಹೇಳಿದ ಪಾಗ್ಸನ್ನೇ; ಆ ಲೆಕ್ಕದಲ್ಲಿ ಎಂಟು ಪಟ್ಟು ಮಂಕು. ಕಂಡುಹಿಡಿದ ದೂರದರ್ಶಕಕ್ಕೇ ಅದು ಮತ್ತೆ ಕಾಣದೆ ಹೋಗಬಹುದು. 878 ಮಿಲ್ಡ್ರೆಡ್ ಹಾಗೆ ಕೈತಪ್ಪಿದ ಮುಖ್ಯ ಪಟ್ಟಿಯ ಕ್ಷುದ್ರಗ್ರಹ. 1916ರಲ್ಲಿ ಮೌಂಟ್ ವಿಲ್ಸನ್‌ನಲ್ಲಿ ಕಂಡು, ಸಂಖ್ಯೆ, ಹೆಸರು ಪಡೆದು, ಮತ್ತೆ ಗುರುತು ಸಿಕ್ಕಿದ್ದು 1991ರಲ್ಲಿ.

ಈಗ ಹಳೆಯ ಚಿತ್ರಗಳ ಭಂಡಾರ ದೊಡ್ಡದಿರುವುದರಿಂದ ಹಿಂದಿನ ವರ್ಷಗಳ ಸರದಿಗಳನ್ನೂ ಹುಡುಕಿ ಜೋಡಿಸಬಹುದು, ಕಾಯುವ ಕಾಲ ತಗ್ಗುತ್ತದೆ. ಆದರೆ ಹೊಸದನ್ನು ಕಾಣುವ ಅವಕಾಶ ಹವ್ಯಾಸಿಗೆ ದಿನೇದಿನೇ ಕಿರಿದಾಗುತ್ತಿದೆ. ಚಿಲಿಯ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ತೋರಿಸಿದ ಮೊದಲ ಕಂತಿನಲ್ಲೇ, ಸುಮಾರು ಹತ್ತು ಗಂಟೆಗಳ ಚಿತ್ರಗಳಿಂದ, 2104 ಹೊಸ ಕ್ಷುದ್ರಗ್ರಹಗಳಿದ್ದವು. 30 ಸೆಂ.ಮೀ. ದೂರದರ್ಶಕ ಇಟ್ಟುಕೊಂಡವರಿಗೆ ಇನ್ನು ಮುಂದೆ ಭೂಮಿಯ ಸಮೀಪ ಬರುವವುಗಳ ಬೆನ್ನು ಹತ್ತುವುದು, ತಿರುಗುವ ಅವಧಿ ಅಳೆಯುವುದು ಇಂಥ ಕೆಲಸದಲ್ಲೇ ಹೆಚ್ಚು ಫಲ ಎಂದು ನನ್ನ ಅಭಿಪ್ರಾಯ.

ಸಂಖ್ಯೆ ಬಿದ್ದಾಗಲೇ ಶೋಧಕರು ಯಾರೆಂದೂ ತೀರ್ಮಾನವಾಗುತ್ತದೆ. ಅವರಿಗೆ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು. ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಣ್ಣ ಕಾಯಗಳ ನಾಮಕರಣ ಸಮಿತಿ. ರೋಮನ್ ಲಿಪಿಯಲ್ಲಿ ಬರೆದಾಗ ನಡುವಿನ ಖಾಲಿ ಜಾಗವೂ ಸೇರಿ 16 ಅಕ್ಷರ ಮೀರಬಾರದು. ಉಚ್ಚರಿಸಲು ಬರಬೇಕು, ಈಗಿರುವ ಹೆಸರಿಗೆ ತೀರ ಹತ್ತಿರವಿರಬಾರದು, ವ್ಯಾಪಾರದ ಹೆಸರು ಕೂಡದು. ಸಾಕುಪ್ರಾಣಿಯ ಹೆಸರನ್ನು ಪ್ರೋತ್ಸಾಹಿಸುವುದಿಲ್ಲ. 2309 ಮಿಸ್ಟರ್ ಸ್ಪಾಕ್ ಬೆಕ್ಕಿನ ಹೆಸರಾಗಿತ್ತು, ಗಲಾಟೆಯಾಯಿತು. ರಾಜಕೀಯ ಅಥವಾ ಸೇನೆಯಿಂದಲೇ ಹೆಸರಾದವರಾದರೆ ಸತ್ತು ನೂರು ವರ್ಷ ಕಳೆದಿರಬೇಕು.

ನಿಯಮವನ್ನು ನಮ್ಮ ಹೆಸರುಗಳಿಗೆ ಹಚ್ಚಿ ನೋಡಿದರೆ ಸ್ಪಷ್ಟವಾಗುತ್ತದೆ. ಶ್ರೀನಿವಾಸ ರಾಮಾನುಜನ್ ಎಂದು ಪೂರ್ತಿ ಬರೆದರೆ 19 ಅಕ್ಷರ, ಹಿಡಿಸುವುದಿಲ್ಲ. ಕಿತ್ತೂರು ಚೆನ್ನಮ್ಮನ ಹೆಸರನ್ನು ಇಂಗ್ಲಿಷ್ ಪುಸ್ತಕಗಳು ಬರೆಯುವ ರೂಢಿಯಂತೆ 'ಕಿತ್ತೂರ್' ಎಂದು ಬರೆದರೆ ಸರಿಯಾಗಿ 16. ಸಂಗೊಳ್ಳಿ ರಾಯಣ್ಣನದೂ 16. ಇಬ್ಬರೂ ನೂರು ವರ್ಷದ ಗಡಿ ಎಂದೋ ದಾಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರಲ್ಲಿ, ಆಳಿದ ಅರಸರಾದ್ದರಿಂದ 2040ರ ತನಕ ಕಾಯಬೇಕು. ವಿಜ್ಞಾನಿ, ಕವಿ, ಗಾಯಕರಿಗೆ ಈ ಕಾಯುವಿಕೆ ಇಲ್ಲ.

ಸೂಚನೆಯ ಜೊತೆ ಆ ಹೆಸರು ಯಾರದು, ಏಕೆ ಎಂಬ ಕೆಲವೇ ಸಾಲಿನ ವಿವರಣೆ ಬೇಕು. ಒಬ್ಬರು ಅಥವಾ ಒಂದು ತಂಡ ಎರಡು ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕಳಿಸಬೇಡಿ ಎಂದು ಸಮಿತಿ ಕೇಳಿಕೊಂಡಿದೆ. ಒಪ್ಪಿದ ಹೆಸರುಗಳು 2021ರಿಂದ ಸಮಿತಿಯದೇ ಬುಲೆಟಿನ್‌ನಲ್ಲಿ ಪ್ರಕಟವಾಗುತ್ತಿವೆ. ಪ್ರಕಟವಾದ ಮೇಲಷ್ಟೇ ಅದು ಹೆಸರು. ಹಣ ಕೊಟ್ಟರೆ ಪ್ರಮಾಣಪತ್ರ ಕಳಿಸುವ ಜಾಲತಾಣಗಳಿಗೂ ಇದಕ್ಕೂ ಸಂಬಂಧವಿಲ್ಲ, ಅವರ ಪಟ್ಟಿಯನ್ನು ಯಾವ ಖಗೋಳಶಾಸ್ತ್ರಜ್ಞರೂ ಬಳಸುವುದಿಲ್ಲ. ಅಂತರರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಬಹುಮಾನ ಪಡೆದ ವಿದ್ಯಾರ್ಥಿಗಳ ಹೆಸರಿಡುವುದು ಮಾತ್ರ ಅಸಲಿ. ಅಮೆರಿಕದ ಲಿಂಕನ್ ಪ್ರಯೋಗಾಲಯದ ಲೀನಿಯರ್ ಸಮೀಕ್ಷೆ ತಾನು ಕಂಡುಹಿಡಿದವುಗಳನ್ನು ಹಾಗೆ ಬಳಸಿದೆ. 2017ರಲ್ಲಿ ಬೆಂಗಳೂರಿನ ವಿದ್ಯಾರ್ಥಿನಿಯ 'ಹೆಸರಿನಲ್ಲಿ ಗ್ರಹ' ಎಂದು ಪತ್ರಿಕೆಗಳು ಬರೆದದ್ದು ಇದನ್ನೇ. ಅದು ಕ್ಷುದ್ರಗ್ರಹ, ಕಂಡದ್ದು ಸಮೀಕ್ಷೆಯವರು.

ಸಂಖ್ಯೆ ಪಡೆದ ಎಂಟು ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳಲ್ಲಿ ಹೆಸರಿರುವುದು ಸುಮಾರು 25 ಸಾವಿರಕ್ಕೆ ಮಾತ್ರ. ಕನ್ನಡದ ಯಾರಾದರೊಬ್ಬರ ಹೆಸರು ಅಲ್ಲಿರಬೇಕು ಎಂದು ಬಯಸುವ ಸಂಘ-ಸಂಸ್ಥೆಗಳು ಒಕ್ಕೂಟಕ್ಕೆ ಮನವಿ ಕಳಿಸುವ ಬದಲು, ಹತ್ತು ವರ್ಷದ ಹಕ್ಕು ಇನ್ನೂ ಕೈಯಲ್ಲಿರುವ ಶೋಧಕರಿಗೋ ಸಮೀಕ್ಷಾ ತಂಡಕ್ಕೋ ಬರೆಯುವುದು ಸರಿಯಾದ ದಾರಿ. ಪತ್ರದ ಜೊತೆ 16 ಅಕ್ಷರದೊಳಗಿನ ರೂಪ, ಹುಟ್ಟಿದ-ತೀರಿಕೊಂಡ ವರ್ಷ, ಸಾಧನೆಯ ಎರಡು ಸಾಲು ಇದ್ದರೆ ಅವರ ಅರ್ಧ ಕೆಲಸ ಮುಗಿದಿರುತ್ತದೆ.